ಭಾವನ ಕಾರಿಗೆ ಹೊಸ ಸೈಲೆನ್ಸರ್

ಮೊನ್ನೆ ಯಲ್ಲಾಪುರದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಸ್ಸು ಬರುವ ಲಕ್ಷಣ ಇರಲಿಲ್ಲ. ಪಕ್ಕದ ಗ್ಯಾರೇಜಿನಲ್ಲಿ ಒಬ್ಬಾತ ಯಾವುದೋ ಜೀಪಿನ ಹಳೆಯ ಸೈಲೆನ್ಸರನ್ನು ಬಿಚ್ಚಿ ತಂದು ಕಲ್ಲಿಗೆ ಬಡಿಯುತ್ತಿದ್ದ. ಒಂದೊಂದು ಏಟಿಗೂ ಅದರ ಬಾಯಿಂದ ಕಪ್ಪು ಮಸಿ ಬುಳುಬುಳು ಉದುರುತ್ತಿತ್ತು. ಗಾಳಿ ನಮ್ಮ ಕಡೆ ತಿರುಗಿತು. ಸುಟ್ಟ ಎಣ್ಣೆ, ತುಕ್ಕು, ಮಸಿ ಎಲ್ಲ ಸೇರಿದ ಒಂದು ಕಮಟು ವಾಸನೆ. ಪಕ್ಕದಲ್ಲಿ ನಿಂತವರು ಸೆರಗು, ಪಂಚೆ ಎತ್ತಿ ಮೂಗು ಮುಚ್ಚಿಕೊಂಡರು. ನಾನೊಬ್ಬ ಮಾತ್ರ ಆ ವಾಸನೆಯ ಕಡೆಗೇ ನಡೆದೆ. ಅಷ್ಟರಲ್ಲಿ ಬಸ್ಸು ಬಂತಂತೆ, ಹೋಯಿತಂತೆ. ನನಗೆ ತಿಳಿಯಲಿಲ್ಲ.

ಹಳೆಯ ದಿನಗಳನ್ನು ಮಲ್ಲಿಗೆಯ ಪರಿಮಳವೋ ತುಪ್ಪ ಕಾಯಿಸಿದ ಘಮವೋ ನೆನಪಿಗೆ ತರುತ್ತದೆಂದು ರಸಿಕರು ಹೇಳುತ್ತಾರೆ. ನನ್ನ ಹಣೆಬರಹ ನೋಡಿ, ನನಗೆ ಸೈಲೆನ್ಸರಿನ ಮಸಿಯೇ ಆಗಬೇಕು. ಅದು ಮೂಗಿಗೆ ಬಡಿದರೆ ಸಾಕು, ಸಾವಿರದ ಒಂಬೈನೂರ ಮೂವತ್ತರ ದಶಕದ ಶಿರಸಿ ಕಣ್ಣೆದುರು ಬರುತ್ತದೆ. ಅಕ್ಕ ಬರುತ್ತಾಳೆ. ಅವಳ ಹಿಂದೆಯೇ ತಲೆ ತಗ್ಗಿಸಿ, ಮೈ ಮಡಚಿ, ಆ ಪುಟ್ಟ ಕಾರಿನಿಂದ ಇಳಿಯುತ್ತಿರುವ ಭಾವ ಬರುತ್ತಾನೆ.

ಭಾವ ಮುಂಬೈಯಲ್ಲಿ ಕಲಿತು ಬಂದ ಡಾಕ್ಟರು. ಶಿರಸಿ ಪೇಟೆಯಲ್ಲಿ ಅವನ ದವಾಖಾನೆ, ಅದರ ಹಿಂಬದಿಗೇ ಮನೆ. ನನ್ನ ಅಕ್ಕ ಮಾದೇವಿಯನ್ನು ಮದುವೆಯಾಗಿದ್ದ. ನನಗೆ ಶಿರಸಿಯ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿದಾಗ, ಬೇರೆ ಬಿಡಾರ ಮಾಡುತ್ತೇನೆಂದು ದೊಡ್ಡಸ್ತಿಕೆಯಿಂದ ಹೇಳಿದ್ದೆ. ಭಾವ ನನ್ನ ಟ್ರಂಕನ್ನು ಎತ್ತಿ ಒಳಗಿಟ್ಟು, "ಮಾಸ್ತರ್ರೆ, ಅನ್ನ ಮಾಡಲೆ ಬತ್ತಾ ನಿಂಗೆ?" ಎಂದು ಕೇಳಿದ. ಬರುತ್ತಿರಲಿಲ್ಲ. ಹಾಗಾಗಿ ಅವರ ಮನೆಯಲ್ಲೇ ಉಳಿದೆ.

ಊರು ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯ ಅರಣ್ಯಾಧಿಕಾರಿಯಿಂದ ಭಾವ ಕೊಂಡ ಕಾರು ಅದು. ಜನ ಅದನ್ನು ಬೇಬಿ ಕಾರು ಎನ್ನುತ್ತಿದ್ದರು. ನಿಜವಾಗಿಯೂ ಕೂಸೇ. ನಾಲ್ವರು ಕೂರಬಹುದು, ಆದರೆ ಹತ್ತುವಾಗ ಸ್ನೇಹಿತರಾಗಿದ್ದವರು ಇಳಿಯುವಾಗ ಹಾಗೆಯೇ ಉಳಿಯುತ್ತಾರೆಂದು ಹೇಳುವಂತಿಲ್ಲ. ಭಾವನೋ ಆರಡಿ ಆಳು. ಮೊಣಕಾಲುಗಳ ನಡುವೆ ಸ್ಟೇರಿಂಗು ಹಿಡಿದು ಕೂತರೆ ಮಗುವಿನ ತೊಟ್ಟಿಲಲ್ಲಿ ದೊಡ್ಡವರು ಕೂತ ಹಾಗೆ ಕಾಣುತ್ತಿತ್ತು. ನಿಲ್ಕುಂದದ ಏರಿನಲ್ಲಿ ಕಾರು ಉಸಿರು ಬಿಡತೊಡಗಿದರೆ ನಾನು ಇಳಿದು ಪಕ್ಕದಲ್ಲಿ ನಡೆಯುತ್ತಿದ್ದೆ. ಕೆಲವೊಮ್ಮೆ ಕಾರಿಗಿಂತ ಮುಂದೆ ಹೋಗಿ ಕಾಯುತ್ತಿದ್ದೆ.

ಇಷ್ಟು ಸಣ್ಣ ಕಾರಿಗೆ ಇದ್ದ ಸದ್ದು ಮಾತ್ರ ದೊಡ್ಡದು. ಅದರ ಸೈಲೆನ್ಸರು ತುಕ್ಕು ಹಿಡಿದು ತೂತುತೂತಾಗಿತ್ತು. ಪೇಟೆಯಲ್ಲಿ ಬಾಡಿಗೆ ಮೋಟಾರು ಓಡಿಸುತ್ತಿದ್ದ ಹುಸೇನ್ ಸಾಬರು ಚಿಮಣಿ ಎಣ್ಣೆಯ ಡಬ್ಬಿಯ ತಗಡು ಕತ್ತರಿಸಿ, ಸುತ್ತಿ, ತಂತಿ ಬಿಗಿದು ಕೊಡುತ್ತಿದ್ದರು. ಕೆಲವು ದಿನ ತಡೆಯುತ್ತಿತ್ತು. ಆಮೇಲೆ ಎಲ್ಲೋ ಒಂದು ಹಳ್ಳ ದಾಟುವಾಗ ತಗಡು ಕಳಚಿ ಬಿದ್ದು ಮತ್ತೆ ಮೊದಲಿನ ಗರ್ಜನೆ. ಕಾರು ಊರ ಹೊರಗಿನ ತಿರುವಿಗೆ ಬರುವಾಗಲೇ ಪೇಟೆಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ನನ್ನ ಶಾಲೆಯಲ್ಲಿ ಪಾಠ ನಿಲ್ಲುತ್ತಿತ್ತು. "ಡಾಕ್ಟರ ಗುಡುಗು ಬಂತು" ಎಂದು ಜನ ನಗುತ್ತಿದ್ದರು.

ಆ ಗುಡುಗು ಕೇಳಿದೊಡನೆ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ತಾಮ್ರದ ಚೊಂಬಿನಲ್ಲಿ ಬಿಸಿನೀರು, ಕೈ ಒರೆಸಲು ಹೆಗಲ ಮೇಲೊಂದು ಪಂಜಿ. ಕಾರು ಅಂಗಳಕ್ಕೆ ಬಂದು ನಿಲ್ಲುವಾಗ ಅವಳು ಆಗಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ. ರೋಗಿಯ ಮನೆಯ ಜ್ವರ ನಮ್ಮ ಮನೆಗೆ ಬರಬಾರದೆಂದು ಭಾವ ಅಂಗಳದಲ್ಲೇ ಕೈಕಾಲು ತೊಳೆದು ಒಳಗೆ ಬರುತ್ತಿದ್ದ. ಅವಳು ನೀರು ಹೊಯ್ಯುತ್ತಿದ್ದಳು, ಅವನು ಅವತ್ತಿನ ಸಮಾಚಾರ ಹೇಳುತ್ತಿದ್ದ. ಅವನ ಮುಖವನ್ನೇ ನೋಡುತ್ತ ಅವಳು ಕೇಳುತ್ತಿದ್ದಳು. ಇಂಥ ದಾಂಪತ್ಯ ಎಲ್ಲಿ ಸಿಗುತ್ತದೆಂದು ನಾನು ಒಳಗೊಳಗೇ ಮೆಚ್ಚಿಕೊಳ್ಳುತ್ತಿದ್ದೆ. ಮದುವೆಯಾಗದ ಗಂಡಸಿನ ಮೆಚ್ಚುಗೆ, ಅದಕ್ಕೆ ಬೆಲೆ ಅಷ್ಟಕ್ಕಷ್ಟೇ.

ಅವರಿಗೊಂದು ಹೆಣ್ಣು ಮಗು ಇತ್ತು. ನಾನು ಶಿರಸಿಗೆ ಬರುವ ಮೊದಲೇ ಚಳಿಜ್ವರದಲ್ಲಿ ಹೋಯಿತು. ಆಗಿನ ಮಲೆನಾಡಿನ ಚಳಿಜ್ವರವೆಂದರೆ ಈಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಕಟ್ಟಿಕೊಂಡ ಮಕ್ಕಳು, ಬಿಸಿಲಲ್ಲಿ ಕಂಬಳಿ ಹೊದ್ದು ನಡುಗುವ ಗಂಡಸರು, ಪೂರ್ತಿ ಮಲಗಿದ ಊರುಗಳು. ಮಗುವಿಗೆ ಬಂದ ಜ್ವರವೇ ಅಕ್ಕನಿಗೂ ಬಂತು. ಭಾವ ಕ್ವಿನೈನ್ ಔಷಧ ಕೊಟ್ಟ. ಮತ್ತೆ ಬಂತು, ಮತ್ತೆ ಕೊಟ್ಟ. ಇನ್ನಷ್ಟು ಕೊಟ್ಟ. ಮಗು ಉಳಿಯಲಿಲ್ಲ, ಅಕ್ಕ ಉಳಿದಳು. ಆ ದಿನಗಳಲ್ಲಿ ಭಾವ ದವಾಖಾನೆಯ ಬಾಗಿಲು ಹಾಕಿಕೊಂಡು ಔಷಧದ ಕಪಾಟಿನ ಎದುರು ಸುಮ್ಮನೆ ಕೂತಿರುತ್ತಿದ್ದನಂತೆ. ಊರಿನವರ ಮಕ್ಕಳನ್ನು ಉಳಿಸಿದವನಿಗೆ ತನ್ನದನ್ನು ಉಳಿಸಿಕೊಳ್ಳಲು ಆಗಲಿಲ್ಲ ಎಂಬ ಮಾತು ಪೇಟೆಯಲ್ಲಿ ಯಾರೋ ಆಡಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು.

ಅಲ್ಲಿಂದ ಮುಂದೆ ಅಕ್ಕ ಬದಲಾದಳು ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದರೆ ದನಿ ಜೋರು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ದೇವಸ್ಥಾನದಲ್ಲಿ ಯಾರಾದರೂ ಮಾತಾಡಿಸಿದರೆ ಒಂದು ನಗೆ ನಕ್ಕು ಮುಂದೆ ಹೋಗುತ್ತಾಳೆ. ಡಾಕ್ಟರ ಹೆಂಡತಿಗೆ ಗರ್ವ ಬಂತು ಎಂದು ನೆರೆಹೊರೆಯವರು ತೀರ್ಮಾನ ಮಾಡಿದ್ದರು. ದುಃಖ ಮನುಷ್ಯನನ್ನು ಹೀಗೆ ದೂರ ಮಾಡುತ್ತದೆ ಎಂದು ನಾನು ತೀರ್ಮಾನ ಮಾಡಿದ್ದೆ. ನನಗಾಗ ಕವಿತೆ ಬರೆಯುವ ಹುಚ್ಚು ಬೇರೆ. ಶಾಲೆ ಬಿಟ್ಟು ಬಂದು ಅಕ್ಕನನ್ನು ಎದುರು ಕೂರಿಸಿಕೊಂಡು, ಕಾಗದವನ್ನು ಮುಖದ ಮಟ್ಟಕ್ಕೆ ಹಿಡಿದು ಓದುತ್ತಿದ್ದೆ. ಅವಳು ಕಣ್ಣು ಮಿಟುಕಿಸದೆ ಕೂತಿರುತ್ತಿದ್ದಳು. ಮುಗಿದ ಮೇಲೆ, "ಚೊಲೋ ಇದ್ದು ತಮಾ" ಎನ್ನುತ್ತಿದ್ದಳು. ಆಮೇಲೆ ಎಷ್ಟೋ ಸಭೆಗಳಲ್ಲಿ ಓದಿದ್ದೇನೆ, ಅಂಥ ಶ್ರೋತೃ ನನಗೆ ಮತ್ತೆ ಸಿಗಲಿಲ್ಲ.

ಸೈಲೆನ್ಸರು ಬದಲಿಸಲೇಬೇಕೆಂದು ಭಾವ ಹಟ ಹಿಡಿದದ್ದು ಎಕ್ಕಂಬಿಯ ದಾರಿಯಲ್ಲಿ ನಡೆದ ಒಂದು ಸಂಗತಿಯಿಂದ. ಅವತ್ತು ನಾನೂ ಕಾರಿನಲ್ಲಿದ್ದೆ. ಎದುರಿನಿಂದ ಹುಲ್ಲು ಹೇರಿದ ಚಕ್ಕಡಿ ಬರುತ್ತಿತ್ತು. ನಮ್ಮ ಗುಡುಗಿಗೆ ಎತ್ತುಗಳು ಬೆದರಿ ಬಾಲ ಎತ್ತಿ ರಸ್ತೆ ಬಿಟ್ಟು ಓಡಿದವು. ಗಾಡಿ ಚರಂಡಿಗೆ ಮಗುಚಿತು. ಹುಲ್ಲಿನ ಅಡಿಯಿಂದ ಒಬ್ಬ ಮುದುಕನನ್ನು ಎಳೆದು ತೆಗೆದೆವು. ಮುಂಡಗೋಡ ಕಡೆಯವನು. ಬಲಗೈ ಮುರಿದು ಜೋತಾಡುತ್ತಿತ್ತು. ಅವನು ಬೈಯಲಿಲ್ಲ, ಅದೇ ಭಾವನಿಗೆ ಹೆಚ್ಚು ನೋವಾದದ್ದು.

"ಹುಲಿ ಬಂತಂತ ತಿಳಕೊಂಡ್ವು ನೋಡ್ರಿ ನನ್ನ ಎತ್ತು," ಎಂದ ಮುದುಕ, ಹಲ್ಲು ಕಚ್ಚಿಕೊಂಡು. "ನೀವ ಡಾಕ್ಟ್ರೇನ್ರಿ? ಚಲೋ ಆತು ಬಿಡ್ರಿ. ಬ್ಯಾರೆಯವ್ರ ಮೋಟಾರಾಗಿದ್ರ ನಾ ಡಾಕ್ಟ್ರನ್ನ ಹುಡಿಕ್ಕೊಂಡು ಹೋಗಬೇಕಿತ್ತು."

ಭಾವ ಅಲ್ಲೇ ಬಿದಿರಿನ ದಬ್ಬೆ ಕಟ್ಟಿ ಕೈ ಕೂರಿಸಿದ. ಪೇಟೆ ಮುಟ್ಟುವಾಗ ಹೇಳಿದ: "ಕೈಕಾಲು ಮುರಿಯದು ಎನ್ನ ಕೆಲಸ ಅಲ್ದೋ ಮಾರಾಯ. ಇದಕ್ಕೆ ಹೊಸ ಸೈಲೆನ್ಸರ್ ಹಾಕ್ಸವು."

ಹುಬ್ಬಳ್ಳಿಗೆ ಹೋಗುವ ಲಾರಿಯವರ ಕೈಯಲ್ಲಿ ಹುಸೇನ್ ಸಾಬರು ಹೇಳಿ ಕಳಿಸಿದರು. ಹುಬ್ಬಳ್ಳಿಯವರು ಮುಂಬೈಗೆ ಹೇಳಿದರು. ಅದು ಬರುವ ಹೊತ್ತಿಗೆ ನಾವು ಆಸೆ ಬಿಟ್ಟಿದ್ದೆವು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಬರುತ್ತಿರುವಾಗ, ಹುಸೇನ್ ಸಾಬರ ಶೆಡ್ಡಿನ ಎದುರು ಕಾರು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಅದರ ಅಡಿಯಿಂದ ಎರಡು ಜೊತೆ ಕಾಲುಗಳು ಹೊರಗೆ ಚಾಚಿದ್ದವು. ಉದ್ದದ ಜೊತೆ ಯಾರದೆಂದು ಕೇಳಬೇಕಾಗಿರಲಿಲ್ಲ.

"ಸಾಹೇಬ್ರೆ, ನೀವು ಹೊರಗೆ ಬನ್ನಿ. ಇದು ಸೂಜಿ ಚುಚ್ಚೋ ಕೆಲಸ ಅಲ್ಲ," ಎಂದು ಸಾಬರು ಒಳಗಿನಿಂದ ಹೇಳುತ್ತಿದ್ದರು.

"ನೀವು ಹಿಡೀರಿ ಸಾಬ್ರೆ, ನಾನು ತಿರುಪ್ತೆ," ಎಂದು ಭಾವ.

ಹಳೆಯ ಬೋಲ್ಟುಗಳು ತುಕ್ಕಿನಲ್ಲಿ ಕೂತುಬಿಟ್ಟಿದ್ದವು. ಚಿಮಣಿ ಎಣ್ಣೆ ಹನಿಸಿ, ಬಡಿದು, ತಿರುಪಿ, ಕೊನೆಗೆ ಒಂದನ್ನು ಗರಗಸದಿಂದ ಕೊಯ್ದು ತೆಗೆದರು. ಹಳೆಯ ಸೈಲೆನ್ಸರು ಕಳಚಿ ನೆಲಕ್ಕೆ ಬಿದ್ದದ್ದೇ ಎರಡು ತುಂಡಾಯಿತು. ಅದರ ಹೊಟ್ಟೆಯ ಮಸಿಯೆಲ್ಲ ಭಾವನ ಮುಖದ ಮೇಲೆ. ಹೊಸದರ ಬಾಯಿ ಕೊಳವೆಗಿಂತ ಕೂದಲೆಳೆಯಷ್ಟು ದೊಡ್ಡದಿತ್ತು. ಸಾಬರು ತಗಡಿನ ಪಟ್ಟಿ ಕತ್ತರಿಸಿ ಕೊಳವೆಗೆ ಸುತ್ತಿ, ಅದರ ಮೇಲೆ ಸೈಲೆನ್ಸರನ್ನು ತೂರಿಸಿ, ಪಟ್ಟಿ ಹಾಕಿ ಬಿಗಿದರು. ಹಿಂದಿನ ತುದಿಯನ್ನು ಕಬ್ಬಿಣದ ಕೊಂಡಿಯಿಂದ ಗಾಡಿಯ ಅಡಿಗೆ ತೂಗುಹಾಕಿದರು. ನನ್ನ ಪಾಲಿಗೆ ಬಂದದ್ದು ಬೋಲ್ಟುಗಳನ್ನು ಎಲೆಯ ಮೇಲೆ ಇಟ್ಟುಕೊಂಡು ಕೂರುವ ಕೆಲಸ. ಒಂದನ್ನು ಕಳೆದೆ ಎಂದು ಹೇಳಬೇಕಾಗಿಯೇ ಇಲ್ಲ.

ದಿಮ್ಮಿ ತೆಗೆದು ಕಾರನ್ನು ಇಳಿಸಿ ಹ್ಯಾಂಡಲು ತಿರುಗಿಸಿದರು. ಎಂಜಿನು ಚಾಲೂ ಆಯಿತು. ಆಯಿತೋ ಇಲ್ಲವೋ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮಲಗಿದ ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ಹುಸೇನ್ ಸಾಬರು ಎದೆಯ ಮೇಲೆ ಕೈಯಿಟ್ಟು ನಕ್ಕರು. "ಇನ್ನು ನೀವು ಬಂದಿದ್ದು ಮನೆಯವ್ರಿಗೂ ಗೊತ್ತಾಗೋದಿಲ್ಲ ಸಾಹೇಬ್ರೆ, ಹುಷಾರು!"

ಭಾವನಿಗೆ ಮಗುವಿನಷ್ಟು ಖುಷಿ. ಮುಖದ ಮಸಿ ಒರೆಸಿಕೊಳ್ಳಲಿಲ್ಲ. ಮನೆಗೆ ಸೀದಾ ಹೋಗುವುದು ಬಿಟ್ಟು ಊರ ಹೊರಗಿನ ಕಾಡಿನ ತನಕ ಹೋಗಿ ಬಂದ. "ಮಾಸ್ತರ್ರೆ, ಕಾರಲ್ಲಿ ಕೂತು ಹಕ್ಕಿ ಕೂಗದು ಕೇಳ್ತು ನೋಡಿ!" ಎಂದ. "ಸುದ್ದಿ ಕೊಡದೆ ಹೋಪನ. ಅವಳು ಹೇಂಗೆ ಬೆಚ್ಚಿ ಬೀಳ್ತು ನೋಡವು."

ಬಿಸಿಲಿನ ಮಧ್ಯಾಹ್ನ. ಕಾರು ಅಂಗಳಕ್ಕೆ ಮೆಲ್ಲಗೆ ಉರುಳಿ ಬಂದು ನಿಂತಿತು. ಬಾಗಿಲಲ್ಲಿ ಅಕ್ಕ ಇರಲಿಲ್ಲ. ನಮಗೆ ಬೇಕಾದದ್ದೂ ಅದೇ. ಇಬ್ಬರೂ ಮೆಟ್ಟು ಬಿಟ್ಟು ಒಳಗೆ ಹೋದೆವು. ನಡುಮನೆಯಲ್ಲಿ ಅಕ್ಕ ನಮಗೆ ಬೆನ್ನು ಹಾಕಿ ಕೂತು ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಬಲಗೈ ಮೊರದಲ್ಲಿತ್ತು. ಎಡಗೈಯನ್ನು ಪಕ್ಕದ ಗೋಡೆಗೆ ಚಪ್ಪಟೆಯಾಗಿ ಒತ್ತಿ ಇಟ್ಟುಕೊಂಡಿದ್ದಳು.

"ಮಾದೇವೀ," ಎಂದ ಭಾವ, ನಗು ತಡೆದುಕೊಂಡು.

ಅವಳು ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆ ಹಾಕಿದಳು.

"ಮಾದೇವೀ!" ಈ ಸಲ ಜೋರಾಗಿ. ಅವಳು ಮೊರವನ್ನು ಒಂದಿಷ್ಟು ಕೊಡವಿ ಮತ್ತೆ ಬಗ್ಗಿದಳು. ಭಾವನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದರ ಕೆಳಗೆ ಬೇರೆ ಏನೋ ಬರತೊಡಗಿತ್ತು. ಜೇಬಿನಿಂದ ಬೀಗದಕೈ ಗೊಂಚಲು ತೆಗೆದು ಅವಳ ಬಲಗಿವಿಯ ಹಿಂದೆ ಅಲುಗಿಸಿದ. ಆಮೇಲೆ ಎಡಗಿವಿಯ ಹಿಂದೆ. ಆಮೇಲೆ ಎರಡು ಕೈಯನ್ನೂ ಎತ್ತಿ ಚಪ್ಪಾಳೆ ಹೊಡೆದ. ನಾನು ಬೆಚ್ಚಿದೆ. ಅವಳ ಹೆಗಲಿನ ಸೆರಗು ಕೂಡ ಅಲುಗಲಿಲ್ಲ.

ಭಾವ ಹಾಗೇ ನಿಂತ. ಚಪ್ಪಾಳೆ ಹೊಡೆದ ಕೈಗಳು ಹಾಗೇ ಗಾಳಿಯಲ್ಲಿ ಇದ್ದವು. ನೂರಾರು ರೋಗಿಗಳ ಎದುರು ಅವನು ನಿಂತದ್ದನ್ನು ನೋಡಿದ್ದೆ. ಅಂಥ ಮುಖ ನೋಡಿರಲಿಲ್ಲ. ತಿರುಗಿ ಹೊರಗೆ ಹೋದ.

ಸ್ವಲ್ಪ ಹೊತ್ತಿಗೆ ಅಕ್ಕ ಮೊರ ಇಟ್ಟು ಎದ್ದು ತಿರುಗಿದಳು. ನನ್ನನ್ನು ಕಂಡು ಗಾಬರಿಯಾದಳು. "ಯಾವಾಗ ಬಂದೆ? ಭಾವ ಎಲ್ಲಿದ್ದ?" ನಾನು ಹೊರಗೆ ಕೈ ತೋರಿಸಿದೆ. ಬಾಗಿಲಿಗೆ ಹೋಗಿ ನೋಡಿದಳು. ಅಂಗಳದಲ್ಲಿ ಕಾರು. ಅದರಲ್ಲಿ ಭಾವ, ಮಸಿ ಹಿಡಿದ ಮುಖದಲ್ಲಿ, ಎಲ್ಲಿಗೂ ಹೋಗದ ಕಾರಿನ ಸ್ಟೇರಿಂಗು ಹಿಡಿದು ಕೂತಿದ್ದ.

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಸದ್ದು ಎಲ್ಲಿಗೆ ಹೋತು?" ಎಂದು ಕೇಳಿದಳು.

"ಹೊಸ ಸೈಲೆನ್ಸರ್ ಹಾಕ್ಸಿದ್ಯ ಅಕ್ಕಾ," ಎಂದೆ. ನನ್ನ ತಲೆ ತಗ್ಗಿತ್ತು.

ಅವಳು ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು. "ತಲೆ ಎತ್ತಿ ಹೇಳು ತಮಾ. ನಿನ್ನ ಬಾಯಿ ಕಾಣ್ತಿಲ್ಲೆ."

ಎಲ್ಲವೂ ಆ ಒಂದು ಮಾತಿನಲ್ಲಿ ತಿಳಿಯಿತು. ಕರೆದರೆ ತಿರುಗದ ಗರ್ವ, ಜೋರು ದನಿ, ಗಂಡನ ಮುಖವನ್ನೇ ನೋಡುತ್ತ ನೀರು ಹೊಯ್ಯುವ ಪ್ರೀತಿ. ಪ್ರೀತಿಯೇನೋ ಸುಳ್ಳಲ್ಲ. ಆದರೆ ಅವಳು ನೋಡುತ್ತಿದ್ದದ್ದು ತುಟಿಗಳನ್ನು.

ಅಕ್ಕ ಅಂಗಳಕ್ಕಿಳಿದು ಹೋಗಿ ಕಾರಿನಲ್ಲಿ ಅವನ ಪಕ್ಕ ಕೂತಳು. ನಾನು ಜಗುಲಿಯಲ್ಲೇ ನಿಂತೆ. ಅಲ್ಲಿಂದ ಹೋಗಬೇಕಿತ್ತು, ಹೋಗಲಿಲ್ಲ. ಭಾವ ಹೇಳಿದ್ದು ನನಗೆ ಕೇಳಿಸಲಿಲ್ಲ, ಅವಳ ದನಿ ಮಾತ್ರ ಎಂದಿನಂತೆ ಜೋರಾಗಿ ಕೇಳುತ್ತಿತ್ತು.

"ಆ ಜ್ವರದಲ್ಲೇ ಶುರುವಾಗಿತ್ತು. ಮೊದಲು ಕಿವಿಲಿ ಜೀರುಂಡೆ ಕೂಗ್ತಿತ್ತು, ಆಮೇಲೆ ಅದೂ ನಿಂತತು... ಇಲ್ಲೆ, ಹಾಂಗೆ ಹೇಳಡಿ. ಕಿವಿ ಆ ಕ್ವಿನೈನಿಂದ ಹೋತೋ ಜ್ವರದಿಂದ ಹೋತೋ ಯಾರಿಗೆ ಗೊತ್ತಿದ್ದು? ನಿಂಗ ಕೊಟ್ಟಿದ್ದಕ್ಕೇ ಆನು ಉಳ್ದಿದ್ದು... ಎಂತಕ್ಕೆ ಹೇಳಿದ್ದಿಲ್ಲೆ ಹೇಳಿರೆ, ಕೂಸು ಹೋದಾಗ ನಿಂಗ ಆ ಕಪಾಟಿನ ಎದುರು ಕೂತಿದ್ದನ್ನ ನೋಡಿದ್ದೆ. ಇದನ್ನೂ ನಿಂಗಳ ತಲೆ ಮೇಲೆ ಹೊರಿಸ್ಲಾ?"

ಭಾವ ಏನೋ ಕೇಳಿದ.

"ಕಾರಿನ ಸದ್ದು ಒಂದು ಕೇಳ್ತಿತ್ತು," ಎಂದಳು. "ಮೊದಲು ಗೋಡೆಲಿ ಬತ್ತಿತ್ತು, ಆಮೇಲೆ ಎದೆಲಿ. ಅದು ಬಂದ್ರೆ, ಹಾ, ಬಂದ ಹೇಳಿ ಗೊತ್ತಾಗ್ತಿತ್ತು. ಅಷ್ಟು ಸಾಕಾಗಿತ್ತು ಎಂಗೆ."

ಭಾವ ತಟ್ಟನೆ ಕಾರಿನಿಂದ ಇಳಿದ. ಹ್ಯಾಂಡಲು ಹಿಡಿದು ಮುಂದೆ ಹೋದ. ಹುಸೇನ್ ಸಾಬರಲ್ಲಿಗೆ ಹೋಗಿ ಈಗಲೇ ತೆಗೆಸುತ್ತೇನೆ, ಹಳೆಯ ತುಂಡುಗಳನ್ನೇ ಕಟ್ಟಿಸುತ್ತೇನೆ ಎಂದು ಕೂಗುತ್ತಿದ್ದ. ಕೂಗಿ ಪ್ರಯೋಜನವಿಲ್ಲವೆಂದು ನೆನಪಾಗಿ ನಿಲ್ಲಿಸಿದ. ಅಕ್ಕ ಇಳಿದು ಬಂದು ಅವನ ಕೈಯಿಂದ ಹ್ಯಾಂಡಲು ಬಿಡಿಸಿಕೊಂಡಳು.

"ತೆಗೆಸಡಿ. ಆ ಗಾಡಿಯವನ ಇನ್ನೊಂದು ಕೈಯೂ ಮುರಿಯವಾ?" ಎಂದಳು. ನಗಲು ನೋಡಿದಳು. ಇಬ್ಬರೂ ಆ ಬಿಸಿಲಲ್ಲಿ ನಿಂತು ಅತ್ತರು. ಮಗು ಹೋದಾಗ ಒಬ್ಬರ ಎದುರು ಒಬ್ಬರು ಅಳದೆ ಉಳಿಸಿಕೊಂಡ ಕಣ್ಣೀರೂ ಅವತ್ತೇ ಹರಿದುಹೋಯಿತೆಂದು ನನಗೆ ಈಗ ಅನಿಸುತ್ತದೆ.

ಆಮೇಲೆ ಹುಬ್ಬಳ್ಳಿಗೆ ಹೋದರು, ಧಾರವಾಡಕ್ಕೆ ಹೋದರು, ಮುಂಬೈಯಲ್ಲಿ ಭಾವನಿಗೆ ಕಲಿಸಿದ ಗುರುಗಳ ಬಳಿಗೂ ಹೋದರು. ಯಾರೂ ಆಸೆ ಕೊಡಲಿಲ್ಲ. ತಿರುಗಿ ಬಂದ ದಿನ ನಾನು ಮೆತ್ತಗೆ ನನ್ನ ಕವಿತೆಗಳ ಮಾತು ತೆಗೆದೆ. ಅಷ್ಟು ದಿನ ಏನು ಕೇಳುತ್ತಿದ್ದಳು? ಅಕ್ಕ ನನ್ನ ಮುಖ ನೋಡಿ ಸಣ್ಣಗೆ ನಕ್ಕಳು. "ನೀನು ಕಾಗದ ಅಡ್ಡ ಹಿಡೀತಿದ್ದೆ, ಬಾಯೂ ಕಾಣ್ತಿತ್ತಿಲ್ಲೆ. ಓದುವಾಗ ನಿನ್ನ ಕಿವಿ ಎರಡೂ ಕೆಂಪಾಗ್ತಿತ್ತು. ಅದನ್ನ ನೋಡಿ ಚೊಲೋ ಇದ್ದು ಹೇಳ್ತಿದ್ದೆ." ಅಲ್ಲಿಂದ ಮುಂದೆ ನಾನು ಬರೆದದ್ದು ಕಡಿಮೆ. ಕನ್ನಡಕ್ಕೆ ನಷ್ಟವಾಗಿಲ್ಲ.

ಕಷ್ಟವಾದದ್ದು ಸಂಜೆಗಳು. ಬರುವ ಸುಳಿವೇ ಇಲ್ಲದ ಗಂಡನಿಗಾಗಿ ಅಕ್ಕ ಮಧ್ಯಾಹ್ನದಿಂದಲೇ ಜಗುಲಿಯ ಮೆಟ್ಟಿಲಲ್ಲಿ ಕೂತು ಬೀದಿ ನೋಡುತ್ತಿದ್ದಳು. ಒಲೆಯ ಮೇಲೆ ಇಟ್ಟದ್ದು ಸೀದುಹೋಗುತ್ತಿತ್ತು. ಒಂದು ದಿನ ಮತ್ತಿಘಟ್ಟದಲ್ಲಿ ರೋಗಿಗೆ ಜೋರಾಗಿ ಭಾವ ತಡಮಾಡಿದ. ಅವನು ಬಂದಾಗ ಅವಳು ಬೀದಿಯ ನಡುವೆ ನಿಂತಿದ್ದಳು. ಹಿಂದಿನಿಂದ ಯಾವುದು ಬಂದರೂ ತಿಳಿಯದ ಹೆಂಗಸು. ಮಾರನೆಯ ಬೆಳಿಗ್ಗೆ ಭಾವ ಕಾರಿನ ಎಡಗಡೆಯ ಬಾಗಿಲು ತೆಗೆದು ಹಿಡಿದು, ಅವಳಿಗೆ ಕಾಣುವಂತೆ ನಿಧಾನವಾಗಿ ಹೇಳಿದ: "ಬಾ. ನೀನೂ ಬಾ."

ಹಾಗೆ ಅಕ್ಕ ಅವನ ಜೊತೆ ಹಳ್ಳಿಗಳಿಗೆ ಹೋಗತೊಡಗಿದಳು. ಒಂದೇ ತೊಂದರೆ. ಅವಳ ಜೊತೆ ಮಾತಾಡಬೇಕಾದರೆ ಭಾವ ಅವಳ ಕಡೆ ತಿರುಗಬೇಕು, ತಿರುಗಿದರೆ ಕಾರು ಹೊಂಡದ ಕಡೆ ತಿರುಗುತ್ತಿತ್ತು. ಎರಡು ಸಲ ಹಾಗಾದ ಮೇಲೆ, ಮಾತು ಬಂದರೆ ಕಾರು ನಿಲ್ಲಿಸುವುದೆಂದು ಮಾಡಿಕೊಂಡರು. ಭಾವ ಮಾತಿನ ಮನುಷ್ಯ. ಹೀಗಾಗಿ ಶಿರಸಿಗೂ ಸಿದ್ದಾಪುರಕ್ಕೂ ನಡುವೆ ಎಲ್ಲೆಂದರಲ್ಲಿ, ಮರದ ನೆರಳಲ್ಲಿ, ಸೇತುವೆಯ ಹತ್ತಿರ ಆ ಪುಟ್ಟ ಕಾರು ನಿಂತಿರುತ್ತಿತ್ತು. ಒಳಗೆ ಇಬ್ಬರು ಎದುರುಬದುರು ತಿರುಗಿ ಕೂತು ಮಾತಾಡುತ್ತಿದ್ದರು. ದಾರಿಹೋಕರು ಕಾರು ಕೆಟ್ಟಿತೆಂದು ತಿಳಿದು, ಪಂಚೆ ಎತ್ತಿ ಕಟ್ಟಿ ನೂಕಲು ಬರುತ್ತಿದ್ದರು.

ಹಳ್ಳಿಯ ಮನೆಗಳಲ್ಲಿ ಭಾವ ಹೊರಗೆ ರೋಗಿಯನ್ನು ನೋಡುತ್ತಿದ್ದರೆ ಅಕ್ಕ ಒಳಗೆ ಹೆಂಗಸರ ನಡುವೆ ಕೂರುತ್ತಿದ್ದಳು. ಡಾಕ್ಟರ ಹೆಂಡತಿಗೆ ಕಿವಿ ಕೇಳುವುದಿಲ್ಲವೆಂಬ ಸುದ್ದಿ ಹಬ್ಬಿದ ಮೇಲೆ ಒಂದು ವಿಚಿತ್ರ ನಡೆಯಿತು. ಯಾರಿಗೂ ಹೇಳಲಾಗದ್ದನ್ನು ಹೆಂಗಸರು ಅವಳ ಎದುರು ಕೂತು ಹೇಳತೊಡಗಿದರು. ಅತ್ತೆಯ ಕಾಟ, ಗಂಡನ ಏಟು, ಸತ್ತ ಮಕ್ಕಳು. ಗೋಡೆಗೆ ಹೇಳಿದ ಹಾಗೆ. ಎದುರು ಕೂತು ಹೇಳುತ್ತಿದ್ದರಿಂದ ಅವಳಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಅಕ್ಕ ಅವರ ಕೈ ಹಿಡಿದುಕೊಂಡು ಕೂತಿರುತ್ತಿದ್ದಳು, ಹೊರಗೆ ಬಂದು ಯಾರಲ್ಲೂ ಆಡುತ್ತಿರಲಿಲ್ಲ.

ಒಂದೇ ಸಲ ಆಡಿದಳು. ನಿಲ್ಕುಂದದ ಕಡೆ ಒಂದು ಮನೆಯ ಯಜಮಾನನ ಜ್ವರ ನೋಡಿ ಹಿಂತಿರುಗುತ್ತಿದ್ದರು. ಸ್ವಲ್ಪ ದೂರ ಬಂದ ಮೇಲೆ ಅಕ್ಕ ಭಾವನ ತೋಳು ಹಿಡಿದು ಕಾರು ನಿಲ್ಲಿಸಿದಳು. ಆ ಮನೆಯ ಸಣ್ಣ ಸೊಸೆ ಬಸುರಿ, ಯಾರಿಗೂ ತಿಳಿಸಿಲ್ಲ, ನಿನ್ನೆಯಿಂದ ರಕ್ತ ಹೋಗುತ್ತಿದೆ, ಅದನ್ನೂ ಬಚ್ಚಿಟ್ಟು ನೀರು ಹೊರುತ್ತಿದ್ದಾಳೆ. ಭಾವ ಕಾರು ತಿರುಗಿಸಿದ. ಕೂಸು ಉಳಿಯಲಿಲ್ಲ, ಅವಳು ಉಳಿದಳು. ಆಮೇಲೆ ಅವಳು ಪೇಟೆಗೆ ಬಂದಾಗೆಲ್ಲ ಅಕ್ಕನ ಎದುರು ಬಂದು ಕೂರುತ್ತಿದ್ದಳು. "ಕೇಳೂದಿಲ್ಲ ಅಂತಲೇ ಹೇಳಿದ್ದೆ ಅಮ್ಮಾ," ಎಂದು ಒಮ್ಮೆ ಹೇಳಿ ಕಣ್ಣು ಒರೆಸಿಕೊಂಡಳು. "ಹಾಂಗೇ ತಿಳ್ಕ," ಎಂದಳು ಅಕ್ಕ.

ಇಷ್ಟು ಮಾತ್ರ ಆಗಿದ್ದರೆ ಇದನ್ನು ಸುಖದ ಕತೆಯೆಂದೇ ಹೇಳಿಬಿಡುತ್ತಿದ್ದೆ. ಆದರೆ ಆ ದಶಕ ಮುಗಿಯುವ ಮೊದಲೇ, ಊರೂರು ಅಲೆದು ಯಾವ ಜ್ವರಕ್ಕೆ ಔಷಧ ಕೊಟ್ಟನೋ ಅದೇ ಜ್ವರ ಭಾವನನ್ನು ಹಿಡಿಯಿತು. ಈ ಸಲ ಅದು ಬಿಡುವ ಜ್ವರವಾಗಿರಲಿಲ್ಲ. ಸಿದ್ದಾಪುರದಿಂದ ಬಂದ ಸಣ್ಣ ವಯಸ್ಸಿನ ಡಾಕ್ಟರು ಭಾವನ ಎದುರು ಧೈರ್ಯದ ಮಾತಾಡಿ, ಹೊರಗೆ ಬಂದು ನನ್ನ ಎದುರು ತಲೆ ಅಲ್ಲಾಡಿಸಿದರು.

ಕೊನೆಯ ದಿನ ಬೆಳಗಿನ ಹೊತ್ತು ಅವನು ಒಂದೇ ಸಮ ಬಡಬಡಿಸುತ್ತಿದ್ದ. ಗಡ್ಡ ಬೆಳೆದಿತ್ತು. ತುಟಿಗಳು ಒಡೆದು ಅಂಟಿಕೊಂಡಿದ್ದವು. ಮಾತು ಬರುತ್ತಿತ್ತು, ತುಟಿ ಅಲುಗುತ್ತಿರಲಿಲ್ಲ. ಅಕ್ಕ ಅವನ ಬಾಯಿಯ ಮೇಲೆ ಬಗ್ಗಿ ಬಗ್ಗಿ ನೋಡಿದಳು, ಹತ್ತಿಯಲ್ಲಿ ನೀರದ್ದಿ ತುಟಿ ಒರೆಸಿ ಮತ್ತೆ ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ತಮಾ, ಎಂತ ಹೇಳ್ತಾ ಇದ್ದ? ಎಂಗೆ ಗೊತ್ತಾಗ್ತಿಲ್ಲೆ."

ನಾನು ಮಂಚದ ಆಚೆ ಕೂತು, ಅವನ ಮಾತು ಕೇಳಿ, ಅವಳಿಗೆ ಕಾಣುವಂತೆ ತುಟಿಯಲ್ಲಿ ಹೇಳತೊಡಗಿದೆ. ಯಾವುದೋ ರೋಗಿಯ ಹೆಸರು. ಮತ್ತಿಘಟ್ಟದವರಿಗೆ ಕೊಡಬೇಕಾದ ಔಷಧ. ನೀರು ಕುದಿಸಿ ಕುಡಿಯಿರಿ ಎಂಬ ಮಾತು. ನನಗೆ ಅರ್ಥವಾದದ್ದನ್ನೆಲ್ಲ ಹೇಳಿದೆ. ಅವಳು ತಲೆಯಾಡಿಸುತ್ತಿದ್ದಳು. ಆಮೇಲೆ ಭಾವ ಮತ್ತೊಂದು ಮಾತು ಶುರು ಮಾಡಿದ. ಈ ಸಲ ದನಿಯಲ್ಲಿ ಕಳವಳ ಇತ್ತು.

"ಕಾರು ಅಂಗಳಕ್ಕೆ ಬಂತು. ಅವಳಿಗೆ ಗೊತ್ತಾಯ್ದಿಲ್ಲೆ. ಯಾರಾದ್ರೂ ಹೇಳಿ. ಬಂದೆ ಹೇಳಿ ಅವಳಿಗೆ ಹೇಳಿ."

ನಾನು ಭಾವನ ಮುಖವನ್ನೇ ನೋಡುತ್ತ ಕೂತೆ. ಅಕ್ಕ ಮಂಚದ ಮೇಲಿಂದ ಕೈ ಚಾಚಿ ನನ್ನ ಭುಜ ಅಲುಗಿಸಿದಳು. "ಎಂತ ಹೇಳ್ದ? ಹೇಳು ತಮಾ, ಎಂತ ಹೇಳ್ದ?"

ಹೇಳಿದೆ. ದನಿ ಬರಲಿಲ್ಲ. ಅವಳಿಗೆ ದನಿ ಬೇಕಾಗಿರಲಿಲ್ಲ.

ಅಕ್ಕ ಅಳಲಿಲ್ಲ. ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿಯಿಟ್ಟು, ತನ್ನ ಆ ಜೋರು ದನಿಯಲ್ಲಿ ಹೇಳಿದಳು: "ಗೊತ್ತಾತು. ನಿಂಗ ಬಂದಿದ್ದು ಗೊತ್ತಾತು." ಅವನ ಬಡಬಡಿಕೆ ನಿಂತಿತು. ಜ್ವರವೇ ನಿಲ್ಲಿಸಿತೆಂದು ಆ ಡಾಕ್ಟರು ಹೇಳಿಯಾರು. ಅವನಿಗೆ ಕೇಳಿಸಿತೆಂದೇ ನಾನು ನಂಬಿದ್ದೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೋದ.

ಕಾರನ್ನು ಹುಸೇನ್ ಸಾಬರೇ ಒಯ್ದರು. ಅಕ್ಕ ಒಳಗಿದ್ದಾಗ ಒಯ್ಯಬೇಕೆಂದು ನಾವು ಮಾತಾಡಿಕೊಂಡಿದ್ದೆವು, ಸದ್ದಿಲ್ಲದ ಕಾರು ತಾನೇ. ಆದರೆ ಸಾಬರು ಒಪ್ಪಲಿಲ್ಲ. ಒಳಗೆ ಹೇಳಿ ಕಳಿಸಿ, ಅವಳು ಬಾಗಿಲಿಗೆ ಬಂದ ಮೇಲೆ ಟೊಪ್ಪಿ ಸರಿಮಾಡಿಕೊಂಡು ಸಲಾಂ ಮಾಡಿ, ಆಮೇಲೆ ಕಾರು ಹತ್ತಿದರು. ಅದು ಬೀದಿಯ ಕೊನೆಯಲ್ಲಿ ತಿರುಗುವ ತನಕ ಅವಳು ನೋಡಿದಳು.

ಮುಂದೆ ನನಗೂ ಮದುವೆಯಾಯಿತು. ಅಕ್ಕ ನಮ್ಮ ಜೊತೆಗೇ ಇದ್ದಳು, ಸಿದ್ದಾಪುರದಲ್ಲಿ, ಆಮೇಲೆ ಇಲ್ಲಿ ಯಲ್ಲಾಪುರದಲ್ಲಿ. ನನ್ನ ಮಕ್ಕಳು ಅವಳ ಮಡಿಲಲ್ಲೇ ಮಾತು ಕಲಿತವರು. ಹಾಗಾಗಿ ಯಾರ ಜೊತೆ ಮಾತಾಡುವಾಗಲೂ ಎದುರಿನವರ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದರು. ನಿಮ್ಮ ಮಕ್ಕಳು ದೊಡ್ಡವರನ್ನು ದಿಟ್ಟಿಸಿ ನೋಡುತ್ತಾರೆಂದು ಶಾಲೆಯಿಂದ ದೂರು ಬಂದಿತ್ತು. ಅಕ್ಕ ಹೋಗಿಯೂ ಬಹಳ ಕಾಲವಾಯಿತು. ಭಾವನ ಮಾತು ಅವಳು ತಾನಾಗಿ ತೆಗೆದದ್ದು ಅಪರೂಪ. ತೆಗೆದರೂ, "ಎನ್ನ ಹತ್ರ ಮಾತಾಡಲೆ ಹೇಳಿ ಕಾರು ನಿಲ್ಸ್ತಿದ್ದ," ಎಂದಷ್ಟೇ ಹೇಳುತ್ತಿದ್ದಳು.

ಮೊನ್ನೆ ಬಸ್ಸು ತಪ್ಪಿದ ಮೇಲೆ ಮನೆಗೆ ನಡೆದು ಬಂದೆ. ನನಗೊಂದು ಅಭ್ಯಾಸವಿದೆ. ಬೇಲಿಯ ದಣಪೆ ದಾಟುವಾಗಲೇ ಚಹ ಎಂದು ಕೂಗುತ್ತೇನೆ. ಇಷ್ಟು ವರ್ಷ ಹೆಂಡತಿ ಒಳಗಿನಿಂದಲೇ ಉತ್ತರ ಕೊಟ್ಟಿದ್ದಾಳೆ, ನಾನು ಜಗುಲಿಯಲ್ಲಿ ಕೂತು ಪತ್ರಿಕೆ ಬಿಡಿಸಿದ್ದೇನೆ. ಮೊನ್ನೆ ಕೂಗಲಿಲ್ಲ. ಮನೆಯನ್ನು ಬಳಸಿ ಹಿತ್ತಲಿಗೆ ಹೋದೆ. ಅವಳು ಬಾವಿಕಟ್ಟೆಯ ಹತ್ತಿರ ಕೂತು ಬಸಳೆ ಸೋಸುತ್ತಿದ್ದಳು. ತಲೆ ಎತ್ತಿದರೆ ಕಾಣುವ ಜಾಗದಲ್ಲಿ ಹೋಗಿ ನಿಂತೆ. ಅವಳ ಕೂದಲು ಇಷ್ಟು ಬೆಳ್ಳಗಾದದ್ದು ನನಗೆ ಗೊತ್ತೇ ಇರಲಿಲ್ಲ. ತುಸು ಹೊತ್ತಿನ ಮೇಲೆ ಅವಳು ತಲೆ ಎತ್ತಿದಳು.

"ಅಯ್ಯೋ, ಎಂತಕ್ಕೆ ಹಾಂಗೆ ನಿಂತಿದ್ರಿ? ಬಸ್ಸು ತಪ್ಪಿತಾ?"

"ತಪ್ಪಿತು."

"ಕೂಗಿದ್ರೆ ಎಂಗೆ ಕೇಳ್ತಿತ್ತಲ್ದಾ?"

"ಗೊತ್ತಿದ್ದು," ಎಂದೆ. ಅವಳ ಎದುರು ಕಟ್ಟೆಯ ಮೇಲೆ ಕೂತೆ.